ಬಿಸಿನೀರಲ್ಲಿ ಕರಗುವ ಹುಲಿ

ಸಬ್ಬಕ್ಕಿ ಪಾಯಸ ಮಾಡುವಾಗ ಒಂದು ಗಳಿಗೆ ಬರುತ್ತದೆ. ಬೆಳ್ಳಗೆ ಮುತ್ತಿನ ಹಾಗಿದ್ದ ಕಾಳು ಅಂಚಿನಿಂದ ಒಳಕ್ಕೆ ತಿಳಿಯಾಗುತ್ತಾ ಬಂದು, ನಡುವೆ ಒಂದು ಬಿಳಿ ಚುಕ್ಕೆ ಮಾತ್ರ ಉಳಿಯುತ್ತದೆ. ಆಮೇಲೆ ಅದೂ ಮಾಯ. ಕಳೆದ ವರ್ಷ ನವರಾತ್ರಿಯ ಹೊತ್ತಿಗೆ ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆಯಲ್ಲಿ ಇದೇ ನೋಟ ಕಂಡೆ. ಆದರೆ ಪಾತ್ರೆಯಲ್ಲಿದ್ದದ್ದು ಪ್ಲಾಸ್ಟಿಕ್.

ಮಂಗಳೂರಿನಲ್ಲಿ ಹುಲಿವೇಷ ನೋಡಿ ಬಂದಾಗಿನಿಂದ ಮಗಳಿಗೆ ತಾನೂ ಹುಲಿಯಾಗಬೇಕು ಅಂತ ಹಟ. ಮೈಗೆಲ್ಲ ಬಣ್ಣ ಬಳಿಯುವುದು ಬೇಡ ಅಂದೆ. ಮುಖವಾಡಕ್ಕೆ ಒಪ್ಪಿದಳು. ಆಗ ತರಿಸಿದ್ದೇ ಈ ಕಾಳು. ಪಾಲಿಮಾರ್ಫ್, ಇನ್‌ಸ್ಟಾಮಾರ್ಫ್ ಅಂತ ಬೇರೆ ಬೇರೆ ಹೆಸರಲ್ಲಿ ಮಾರುತ್ತಾರೆ. ಒಳಗಿರುವ ವಸ್ತು ಮಾತ್ರ ಒಂದೇ, ಪಾಲಿಕ್ಯಾಪ್ರೊಲ್ಯಾಕ್ಟೋನ್. ಉದ್ದ ಹೆಸರು, ಹಾಗಾಗಿ ಎಲ್ಲರೂ ಪಿಸಿಎಲ್ ಅನ್ನುತ್ತಾರೆ. ಇದು ಕರಗುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂದರೆ ನೀರು ಕುದಿಯುವುದೇ ಬೇಕಿಲ್ಲ. ನಮ್ಮ ಮನೆಯ ಹಾಲಿನ ಪ್ಯಾಕೆಟ್ಟಿನ ಪಾಲಿಥಿನ್ 110 ಡಿಗ್ರಿ ದಾಟದೆ ಕರಗುವುದಿಲ್ಲ. ನೀರಿನ ಬಾಟಲಿಯ ಪ್ಲಾಸ್ಟಿಕ್‌ಗೆ 250 ಡಿಗ್ರಿಯಷ್ಟು ಬೇಕು.

ಕಾಳು ನೀರಿಗಿಂತ ಸ್ವಲ್ಪ ಭಾರ, ಸುರಿದ ಕೂಡಲೇ ತಳಕ್ಕೆ ಹೋಗಿ ಕೂರುತ್ತದೆ. ಒಂದೆರಡು ನಿಮಿಷದಲ್ಲಿ ಗಾಜಿನಂತೆ ತಿಳಿಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸ್ಟೀಲ್ ಚಮಚದಲ್ಲಿ ಎತ್ತಿ, ಒಳಗೆ ಸಿಕ್ಕಿಕೊಂಡ ಬಿಸಿನೀರನ್ನು ಹಿಂಡಿ ತೆಗೆಯಬೇಕು. ಕೈ ಸುಡುವುದು ಹೆಚ್ಚಾಗಿ ಆ ನೀರಿನಿಂದಲೇ. ಪಾತ್ರೆ ಮಾತ್ರ ಪ್ಲಾಸ್ಟಿಕ್ಕಿನದಾಗಬಾರದು, ಬಿಸಿ ಪಿಸಿಎಲ್ ಅದಕ್ಕೆ ಕಚ್ಚಿಕೊಂಡುಬಿಡುತ್ತದೆ. ನಾನು 250 ಗ್ರಾಂ ತೆಗೆದುಕೊಂಡು, ಒದ್ದೆ ಮಣೆಯ ಮೇಲೆ ಚಪಾತಿಯ ಹಾಗೆ ಲಟ್ಟಿಸಿದೆ. 2 ಮಿಲಿಮೀಟರ್ ದಪ್ಪಕ್ಕೆ ಒಂದಡಿ ಅಗಲ, ಒಂದಡಿ ಉದ್ದದ ಹಾಳೆ ಬಂತು. ಮಗುವಿನ ಮುಖಕ್ಕೆ ಧಾರಾಳ. ಮೊದಲೇ ಜೇಡಿಮಣ್ಣಿನಲ್ಲಿ ಹುಲಿಮುಖ ಮಾಡಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ ಇಟ್ಟಿದ್ದೆ. ಹಾಳೆಯನ್ನು ಅದರ ಮೇಲೆ ಹೊದಿಸಿ, ಮೂಗಿನ ಪಕ್ಕ, ಕೆನ್ನೆಯ ಕೆಳಗೆ ಹೆಬ್ಬೆರಳಲ್ಲಿ ಒತ್ತಿದೆ. ಮಗುವಿನ ಮುಖದ ಮೇಲೆಯೇ ಬಿಸಿ ಹಾಳೆ ಒತ್ತುವ ಸಾಹಸ ಮನೆಯಲ್ಲಿ ಯಾರೂ ಮಾಡಬಾರದು.

ಇಲ್ಲೊಂದು ಸಂಗತಿ ನನಗೆ ತುಂಬಾ ಇಷ್ಟ. ಕರಗಲು 60 ಡಿಗ್ರಿ ಬೇಕು ಅಲ್ವಾ? ಹಾಗಾದರೆ ತಣಿಯುತ್ತಾ 60ಕ್ಕೆ ಇಳಿದ ತಕ್ಷಣ ಗಟ್ಟಿಯಾಗಬೇಕಿತ್ತು. ಆದರೆ ಆಗುವುದಿಲ್ಲ. ಕೈಗೆ ಹಿತವಾಗಿ ಬೆಚ್ಚಗಿರುವಷ್ಟು ತಣಿದ ಮೇಲೂ ಹಿಟ್ಟಿನ ಹಾಗೆ ನಾದಿಸಿಕೊಳ್ಳುತ್ತಿರುತ್ತದೆ. ಕಾರಣ ತಿಳಿಯಬೇಕಾದರೆ ಕಾಳಿನ ಒಳಕ್ಕೆ ಹೋಗಬೇಕು.

ಪ್ಲಾಸ್ಟಿಕ್ ಅಂದರೆ ಒತ್ತುಶಾವಿಗೆಯ ರಾಶಿ ಅಂದುಕೊಳ್ಳಿ. ಒಂದೊಂದು ಅಣುವೂ ಉದ್ದನೆಯ ಎಳೆ. ಪಿಸಿಎಲ್ ತಣ್ಣಗಿದ್ದಾಗ ಈ ಎಳೆಗಳಲ್ಲಿ ಸುಮಾರು ಅರ್ಧ ಭಾಗ ಬಾಚಿದ ಕೂದಲಿನ ಹಾಗೆ ಸಾಲಾಗಿ ಮಡಚಿಕೊಂಡು ಪುಟ್ಟ ಪುಟ್ಟ ಹರಳುಗಳಾಗಿರುತ್ತವೆ. ಉಳಿದ ಭಾಗ ಸಿಕ್ಕುಸಿಕ್ಕಾಗಿ ಮೆತ್ತಗಿರುತ್ತದೆ. ಹರಳು ಗಟ್ಟಿತನ ಕೊಡುತ್ತದೆ. ಸಿಕ್ಕಿನ ಭಾಗ ಒಡೆಯದ ಹಾಗೆ ಕಾಯುತ್ತದೆ. ಅದು ಗಾಜಿನಂತೆ ಪೆಡಸಾಗಬೇಕಾದರೆ ಸೊನ್ನೆಗಿಂತ ಕೆಳಗೆ 60 ಡಿಗ್ರಿಯ ಚಳಿ ಬೇಕು. ಹಾಗಾಗಿ ನಮ್ಮ ಹುಲಿ ಕೈಜಾರಿ ಬಿದ್ದರೂ ಚೂರಾಗಲಿಲ್ಲ.

ಬಿಳಿ ಬಣ್ಣವೂ ಈ ಹರಳುಗಳದ್ದೇ. ಹರಳು ಮತ್ತು ಸಿಕ್ಕು ಸೇರುವ ಕಡೆಯಲ್ಲೆಲ್ಲ ಬೆಳಕು ದಿಕ್ಕು ತಪ್ಪಿ ಚದುರುತ್ತದೆ. ಬಿಸಿಯಾದಾಗ ಹರಳು ಕರಗಿ ಎಲ್ಲವೂ ಒಂದೇ ಸಮನಾದ ಸಿಕ್ಕು. ಬೆಳಕಿಗೆ ತಡೆಯೇ ಇಲ್ಲ, ನೇರ ಆಚೆ ಹೋಗುತ್ತದೆ. ಸಬ್ಬಕ್ಕಿಯ ಕತೆ ಇದಕ್ಕೆ ತೀರಾ ದೂರದ್ದಲ್ಲ. ಅದರ ಪಿಷ್ಟದಲ್ಲೂ ಸಾಲುಗಟ್ಟಿದ ಭಾಗವಿರುತ್ತದೆ, ಬಿಸಿನೀರಲ್ಲಿ ಆ ಸಾಲು ಕೆಡುತ್ತದೆ. ಆದರೆ ಸಬ್ಬಕ್ಕಿ ನೀರು ಕುಡಿದು ಉಬ್ಬುತ್ತದೆ, ಮತ್ತೆ ಮೊದಲಿನ ಕಾಳಾಗುವುದಿಲ್ಲ. ಪಿಸಿಎಲ್‌ಗೆ ಶಾಖ ಸಾಕು. ತಣಿದರೆ ಮತ್ತೆ ಬಿಳಿ, ಮತ್ತೆ ಗಟ್ಟಿ.

ತಣಿಯುವಾಗ ಎಳೆಗಳು ಪುನಃ ಸಾಲು ಹಿಡಿಯಬೇಕಾದರೆ ಮೊದಲು ಎಲ್ಲಾದರೂ ಒಂದು ಪುಟ್ಟ ಸಾಲು ಹುಟ್ಟಬೇಕು. ಉಳಿದವು ಅದಕ್ಕೆ ಸೇರಿಕೊಳ್ಳುತ್ತವೆ. ಉದ್ದನೆಯ ಎಳೆಗಳಿಗೆ ಈ ಮೊದಲ ಸಾಲು ಕಟ್ಟುವುದು ಸುಲಭವಲ್ಲ, ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಉಂಡೆ 40 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಕೈಗೆ ಸಿಗುವ ಆ ಕೆಲವು ನಿಮಿಷ ಈ ತಡದಿಂದಲೇ ಬರುವುದು.

ಹುಲಿಗೆ ಮೂಗು ಅಂಟಿಸಿದಾಗಲೂ ಎಳೆಗಳದ್ದೇ ಕೆಲಸ. ಮೊದಲ ಸಲ ಮೂಗು ಮಾತ್ರ ಬಿಸಿ ಮಾಡಿ ತಣ್ಣನೆಯ ಮುಖಕ್ಕೆ ಒತ್ತಿದೆ. ಅರ್ಧ ಗಂಟೆಯಲ್ಲಿ ಕಳಚಿ ಬಿತ್ತು. ಎರಡನೇ ಸಲ ಮುಖದ ಆ ಜಾಗವನ್ನೂ ಹೇರ್ ಡ್ರೈಯರ್‌ನಿಂದ ತಿಳಿಯಾಗುವವರೆಗೆ ಬಿಸಿ ಮಾಡಿದೆ. ಆಗ ಎರಡೂ ಕಡೆಯ ಎಳೆಗಳು ಒಂದರೊಳಗೊಂದು ನುಗ್ಗಿ ಹೆಣೆದುಕೊಂಡವು. ಬೆಸುಗೆ ಎಲ್ಲಿತ್ತು ಅಂತ ಈಗ ಹುಡುಕಿದರೂ ಸಿಗುವುದಿಲ್ಲ. ಮೀಸೆಗೆ ತೆಂಗಿನ ಪೊರಕೆಯ ಕಡ್ಡಿ ಚುಚ್ಚಿದೆ. ಉಪ್ಪು ಕಾಗದದಲ್ಲಿ ಉಜ್ಜಿ ಅಕ್ರಿಲಿಕ್ ಬಣ್ಣ ಹಚ್ಚಿದೆವು.

60 ಡಿಗ್ರಿಯ ಹಿಂದೆ ದೊಡ್ಡ ಕತೆಯೇ ಇದೆ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವಾಲೆಸ್ ಕ್ಯಾರದರ್ಸ್ ಮತ್ತು ಅವರ ತಂಡ ಇಂಥ ಉದ್ದನೆಯ ಅಣುಗಳನ್ನು ಕಟ್ಟುವ ಬಗೆ ಹುಡುಕುತ್ತಿದ್ದರು. 1930ರಲ್ಲಿ ಜೂಲಿಯನ್ ಹಿಲ್ ಕರಗಿದ ಪಾಲಿಯೆಸ್ಟರ್‌ನಿಂದ ಉದ್ದನೆಯ ದಾರ ಎಳೆದು ತೋರಿಸಿದರು. ಪಾಲಿಯೆಸ್ಟರ್ ಬಗೆಯದೇ ಆದ ಪಿಸಿಎಲ್‌ನ ಮೊದಲ ವರದಿಯೂ ಇದೇ ತಂಡದಿಂದ 1934ರಲ್ಲಿ ಬಂತು. ಆದರೆ ಆ ಕಾಲದ ಅವರ ಪಾಲಿಯೆಸ್ಟರ್‌ಗಳು ತೀರಾ ಬೇಗ ಕರಗುತ್ತಿದ್ದವು. ಬಿಸಿನೀರಲ್ಲಿ ಒಗೆಯುವ, ಇಸ್ತ್ರಿ ಹಾಕುವ ಬಟ್ಟೆಗೆ ಅದು ಹೇಗೆ ಆದೀತು? ತಂಡ ಬೇರೆ ದಾರಿ ಹಿಡಿದು 1935ರಲ್ಲಿ ನೈಲಾನ್ ಮುಟ್ಟಿತು.

ನೈಲಾನ್‌ನಲ್ಲೇ ನೈಲಾನ್-6 ಅನ್ನುವ ಬಗೆಯನ್ನು ಪಿಸಿಎಲ್ ಪಕ್ಕದಲ್ಲಿಟ್ಟು ನೋಡಿ, ಆಶ್ಚರ್ಯವಾಗುತ್ತದೆ. ಎರಡರಲ್ಲೂ ಆರಾರು ಕಾರ್ಬನ್‌ಗೆ ಒಂದು ಕೊಂಡಿ. ಪಿಸಿಎಲ್‌ನಲ್ಲಿ ಕೊಂಡಿಯ ಜಾಗದಲ್ಲಿ ಒಂದು ಆಕ್ಸಿಜನ್. ನೈಲಾನ್-6ರಲ್ಲಿ ಅದೇ ಜಾಗದಲ್ಲಿ ಒಂದು ನೈಟ್ರೋಜನ್, ಅದಕ್ಕೆ ಹತ್ತಿದ ಒಂದು ಹೈಡ್ರೋಜನ್. ಅಷ್ಟೇ ವ್ಯತ್ಯಾಸ. ಆ ಹೈಡ್ರೋಜನ್ ಪಕ್ಕದ ಎಳೆಯ ಆಕ್ಸಿಜನ್ನನ್ನು ಕೈಚಾಚಿ ಹಿಡಿದುಕೊಳ್ಳುತ್ತದೆ. ಇಂಥ ಸಾವಿರಾರು ಕೈಗಳನ್ನು ಬಿಡಿಸಬೇಕಾದರೆ 220 ಡಿಗ್ರಿ ಬೇಕು. ಪಿಸಿಎಲ್‌ನಲ್ಲಿ ಹಿಡಿಯಲು ಕೈಯೇ ಇಲ್ಲ, 60ಕ್ಕೇ ಸಡಿಲ. ಉಡುಪಿಗೆ ಇದು ಕೊರತೆ. ಮನುಷ್ಯರ ಚರ್ಮದ ಹತ್ತಿರ ತರುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಗುಣ ಬೇರೆ ಇಲ್ಲ ಅಂತ ನನಗನ್ನಿಸುತ್ತದೆ.

ಕೊರತೆಯ ಬಿಸಿ ನಮಗೂ ತಟ್ಟಿತು. ಏಪ್ರಿಲ್‌ನಲ್ಲಿ ಹುಲಿಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಮದುವೆ ಊಟಕ್ಕೆ ಹೋಗಿದ್ದೆವು. ಬಾಗಿಲು ಮುಚ್ಚಿದ ಕಾರಿನೊಳಗೆ ಬಿಸಿಲು ನೇರ ಬೀಳುವ ಜಾಗ 60 ಡಿಗ್ರಿ ದಾಟುವುದು ಕಷ್ಟವೇನಲ್ಲ. ವಾಪಸ್ ಬಂದಾಗ ಹುಲಿಯ ಗಲ್ಲ ಡ್ಯಾಶ್‌ಬೋರ್ಡ್‌ಗೆ ಹರಡಿಕೊಂಡಿತ್ತು. ಮಗಳು ಅತ್ತಳು. ಮನೆಗೆ ತಂದು ಗಲ್ಲವನ್ನು ಬಿಸಿನೀರಲ್ಲಿ ಅದ್ದಿ ಸರಿ ಮಾಡಿದೆವು.

ಈ ವಸ್ತುವನ್ನು ನಾನು ಮೊದಲು ನೋಡಿದ್ದು ಮಾತ್ರ ಆಸ್ಪತ್ರೆಯಲ್ಲಿ. ನಮ್ಮ ಸೋದರಮಾವನಿಗೆ ಗಂಟಲಿನ ಕ್ಯಾನ್ಸರ್. ‘ಕರೆಂಟ್ ಕೊಡಬೇಕು’ ಅಂದರು. ರೇಡಿಯೋಥೆರಪಿಗೆ ನಮ್ಮ ಕಡೆ ಹಾಗೇ ಅನ್ನುವುದು. ಕಿರಣ ಬೀಳಬೇಕಾದ ಜಾಗ ಕೆಲವೇ ಮಿಲಿಮೀಟರ್ ಆಚೀಚೆ ಆದರೂ ತೊಂದರೆ. ತಲೆ ಅಲುಗಾಡಬಾರದು, ದಿನವೂ ಅದೇ ಭಂಗಿಯಲ್ಲಿರಬೇಕು. ಅದಕ್ಕೆ ಪಿಸಿಎಲ್‌ನಿಂದ ಮಾಡಿದ ತೂತುತೂತಿನ ಹಾಳೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಮೆತ್ತಗೆ ಮಾಡಿ, ನೀರು ಒರೆಸಿ, ಮಲಗಿದ್ದ ಮಾವನ ಮುಖದ ಮೇಲೆ ಎಳೆದು ಹೊದಿಸಿದರು. ತಂತ್ರಜ್ಞೆ ಮೂಗಿನ ಪಕ್ಕ, ಗಲ್ಲದ ಕೆಳಗೆ ಬೆರಳಲ್ಲಿ ಮೆಲ್ಲಗೆ ಒತ್ತಿದಳು. ಕೆಲವೇ ನಿಮಿಷಗಳಲ್ಲಿ ತಿಳಿಯಾಗಿದ್ದ ಜಾಲರಿ ಬೆಳ್ಳಗಾಯಿತು. ‘ಬಿಸಿ ಬಟ್ಟೆ ಹಾಕಿದ ಹಾಗಿತ್ತು, ಆಮೇಲೆ ಬಿಗಿಯಾಯ್ತು’ ಅಂದರು ಮಾವ. ಕಿರಣಕ್ಕೆ ಗುರಿ ತೋರಿಸುವ ಗುರುತುಗಳನ್ನು ಆ ಮುಖವಾಡದ ಮೇಲೆಯೇ ಹಾಕಿದರು. ವಾರಕ್ಕೆ ಐದು ದಿನ, ಏಳು ವಾರ ಅದನ್ನು ತೊಟ್ಟು ಮೇಜಿನ ಮೇಲೆ ಮಲಗಿದರು.

ಮಕ್ಕಳು ಇದಕ್ಕೆ ತುಂಬಾ ಹೆದರುತ್ತಾರೆ. ಅದಕ್ಕೇ ಹೊರದೇಶದ ಕೆಲವು ಆಸ್ಪತ್ರೆಗಳಲ್ಲಿ ಮಕ್ಕಳ ಮುಖವಾಡಕ್ಕೆ ಅವರಿಗೆ ಇಷ್ಟವಾದ ಪ್ರಾಣಿಯ, ಸೂಪರ್‌ಹೀರೋಗಳ ಬಣ್ಣ ಬಳಿದು ಕೊಡುತ್ತಾರೆ. ಮಾವ ಗುಣವಾಗಿ ಮನೆಗೆ ಬರುವಾಗ ತಮ್ಮ ಮುಖವಾಡವನ್ನೂ ತಂದಿದ್ದರು. ಅಟ್ಟದ ಮೇಲೆ ಚೀಲದಲ್ಲಿ ಕಟ್ಟಿಟ್ಟಿದ್ದರು, ಯಾರಿಗೂ ತೋರಿಸುತ್ತಿರಲಿಲ್ಲ. ಹುಲಿಯ ಗಲ್ಲ ಸರಿಹೋದ ಮಾರನೇ ದಿನ ಅವರ ಮನೆಗೆ ಹೋಗಿದ್ದೆವು. ಮಾತಿನ ಮಧ್ಯೆ ಅವರೇ ಅದನ್ನು ಇಳಿಸಿ ತಂದು ಮಗಳ ಹುಲಿಯ ಪಕ್ಕದಲ್ಲಿಟ್ಟರು. ಅವಳು ಎರಡನ್ನೂ ಉಗುರಲ್ಲಿ ತಟ್ಟಿ ನೋಡಿದಳು. ಒಂದೇ ಸದ್ದು.

‘ಅಜ್ಜ, ಇದಕ್ಕೂ ಪಟ್ಟೆ ಬರೀಲಾ?’

ಮಾವ ಏನೂ ಹೇಳಲಿಲ್ಲ. ಎದ್ದು ಹೋಗಿ ಹಳೆಯ ಪೇಪರ್ ತಂದು ಮುಖವಾಡದ ಕೆಳಗೆ ಹಾಸಿದರು.