ಕೈ ಎತ್ತಿದವರಿಗಷ್ಟೇ ಪಾಠ

‘ನಾವು ಯಾವ ಮಗುವಿಗೂ ಭೇದ ಮಾಡುವುದಿಲ್ಲ, ಎಲ್ಲರನ್ನೂ ಒಂದೇ ಥರ ನೋಡುತ್ತೇವೆ.’ ಶಾಲೆಯಲ್ಲಿ ಎಲ್ಲರನ್ನೂ ಒಳಗೊಳ್ಳುವ ವಿಷಯ ಎತ್ತಿದ ಕೂಡಲೇ ಶಿಕ್ಷಕರಿಂದ ಬರುವ ಮಾತಿದು. ಮನಸ್ಸಿನಲ್ಲಿ ಭೇದವಿಲ್ಲ ಎಂಬುದನ್ನು ನಂಬೋಣ. ಆದರೆ ಶಿಕ್ಷಕರ ಮನಸ್ಸು ಮಕ್ಕಳಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಪೀರಿಯಡ್ಡಿನಲ್ಲಿ ಯಾರನ್ನು ಕೇಳಿದರು, ಯಾರ ಉತ್ತರಕ್ಕೆ ಕಾದರು, ಯಾರನ್ನು ದಾಟಿ ಮುಂದೆ ಹೋದರು ಎಂಬುದು. ‘ಗೊತ್ತಿದ್ದವರು ಕೈ ಎತ್ತಿ’ ಎಂಬ ಕರೆ ಎಲ್ಲರಿಗೂ ಸಮಾನವೆಂದೇ ತೋರುತ್ತದೆ. ಕೈ ಎತ್ತುವ ಧೈರ್ಯ ಮಾತ್ರ ತರಗತಿಯಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ.

ಪೀರಿಯಡ್ಡಿನಲ್ಲಿ ಯಾರಿಗೆ ಅವಕಾಶ ಸಿಗುತ್ತಿದೆ ಎಂದು ತಿಳಿಯಲು ದೊಡ್ಡ ತರಬೇತಿ ಬೇಡ, ಒಂದು ಹಾಳೆ ಸಾಕು. ಬೆಂಚುಗಳ ನಕ್ಷೆ ಬರೆದು, ಪ್ರತಿ ಮಗು ಕೂರುವ ಜಾಗಕ್ಕೆ ಒಂದು ಚೌಕ ಹಾಕಿ. ಶಿಕ್ಷಕರು ಮಗುವನ್ನು ಹೆಸರು ಹಿಡಿದು ಕೇಳಿದರೆ ಆ ಚೌಕದಲ್ಲಿ ಒಂದು ಗೆರೆ. ಮಗು ತಾನಾಗಿ ಮಾತಾಡಿದರೆ ಚುಕ್ಕೆ. ಉತ್ತರ ಬಂದ ಮೇಲೆ ‘ಅದು ಹೇಗೆ ಗೊತ್ತಾಯಿತು?’ ಎಂದು ಇನ್ನೊಂದು ಪ್ರಶ್ನೆ ಕೇಳಿದರೆ ಗೆರೆಯ ಸುತ್ತ ಒಂದು ಸೊನ್ನೆ. ಗದರಿದರೆ, ‘ಸುಮ್ಮನೆ ಕೂತುಕೋ’ ಎಂದರೆ ಗುಣಾಕಾರದ ಗುರುತು. ಒಂದೇ ಪೀರಿಯಡ್ ನೋಡಿ ತೀರ್ಮಾನಕ್ಕೆ ಬರಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಕಡೇಪಕ್ಷ 3 ಪೀರಿಯಡ್ ಬೇಕು. ಗುರುತು ಹಾಕುವವರು ಶಿಕ್ಷಕರೇ ಆರಿಸಿಕೊಂಡ ಸಹೋದ್ಯೋಗಿ ಆಗಿರಲಿ, ಹಾಳೆ ಶಿಕ್ಷಕರ ಬಳಿಯೇ ಉಳಿಯಲಿ. ಮುಖ್ಯೋಪಾಧ್ಯಾಯರು ತಪಾಸಣೆಗೆಂದು ಹಿಂದೆ ಕೂತು ಬರೆದುಕೊಂಡರೆ ಆ ದಿನದ ಪಾಠವೇ ಬೇರೆಯಾಗುತ್ತದೆ, ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಹಾಳೆ ನೋಡುವಾಗ ಎಲ್ಲರ ಕಣ್ಣೂ ಖಾಲಿ ಚೌಕಗಳ ಮೇಲೆ ಬೀಳುತ್ತದೆ. ಬೀಳಲಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಬರೀ ಗುಣಾಕಾರದ ಗುರುತಿರುವ ಚೌಕ ಖಾಲಿ ಚೌಕಕ್ಕಿಂತ ಕಷ್ಟದ್ದು: ಆ ಮಗುವಿನ ಹೆಸರು ತರಗತಿಯಲ್ಲಿ ಕೇಳುವುದು ಬೈಗುಳದ ಜೊತೆಗೆ ಮಾತ್ರ. ಇನ್ನು ನಾಲ್ಕೈದು ಗೆರೆ ಇದ್ದು ಒಂದೂ ಸೊನ್ನೆ ಇಲ್ಲದ ಚೌಕ. ಇದು ಬಹುತೇಕ ಯಾರಿಗೂ ಹೊಳೆಯುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಆ ಮಗುವಿಗೆ ಸುಲಭದ ಪ್ರಶ್ನೆ ಹೋಗುತ್ತದೆ, ‘ಹೌದು’ ಎಂಬ ಉತ್ತರ ಬರುತ್ತದೆ, ‘ಜಾಣ’ ಎಂದು ಹೊಗಳಿಕೆಯೂ ಸಿಗುತ್ತದೆ. ಶಿಕ್ಷಕರು ಅದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕಷ್ಟದ ಪ್ರಶ್ನೆ ಯಾರ ಕಡೆಗೆ ಹೋಗುತ್ತದೆ ಎಂಬುದನ್ನು ಆ ಮಗುವೂ ಪಕ್ಕದವರೂ ಗಮನಿಸುತ್ತಲೇ ಇರುತ್ತಾರೆ.

ಹಾಳೆ ನೋಡಿದ ಮರುದಿನವೇ ಆಗುವ ಎಡವಟ್ಟೊಂದಿದೆ. ಖಾಲಿ ಚೌಕದ ಮಗುವನ್ನು ದಿಢೀರನೆ ಎಬ್ಬಿಸಿ ನಿಲ್ಲಿಸುವುದು! ಮಗುವಿನ ತುಟಿ ಅಲುಗುತ್ತದೆ, ಉತ್ತರ ಇನ್ನೇನು ಬರಬೇಕು, ಅಷ್ಟರಲ್ಲಿ ಶಿಕ್ಷಕರ ಕಣ್ಣು ಪಕ್ಕದ ಬೆಂಚಿಗೆ ಹೋಗಿಯಾಗಿದೆ. ಮಗುವಿಗೆ ಅವಮಾನ, ಶಿಕ್ಷಕರಿಗೆ ‘ಕೇಳಿದರೂ ಹೇಳುವುದಿಲ್ಲ’ ಎಂಬ ಸಾಕ್ಷಿ.

ಇಲ್ಲಿ ಕೊರತೆ ಸಮಯದ್ದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ತೋರಿಸಿದರು. ಸಾಮಾನ್ಯವಾಗಿ ಒಂದೂವರೆ ಸೆಕೆಂಡೂ ಇಲ್ಲ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಅದುವರೆಗೆ ಬಾಯಿ ಬಿಡದವರೂ ಮಾತಾಡಿದರು. ಎರಡು ಕಡೆ ಕಾಯಬೇಕು: ಪ್ರಶ್ನೆಯ ನಂತರ ಒಮ್ಮೆ, ಉತ್ತರದ ನಂತರ ಇನ್ನೊಮ್ಮೆ. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ತರಗತಿಯ ಮೌನದಲ್ಲಿ 3 ಸೆಕೆಂಡ್ ಬಹಳ ದೀರ್ಘ ಅನ್ನಿಸುತ್ತದೆ, ಮನಸ್ಸಿನಲ್ಲೇ ಎಣಿಸಿ. ಮನೆಯ ಭಾಷೆಯಲ್ಲಿ ಯೋಚಿಸಿ ಶಾಲೆಯ ಭಾಷೆಯಲ್ಲಿ ಹೇಳಬೇಕಾದ ಮಗುವಿಗೆ, ಮಾತು ತಡವರಿಸುವ ಮಗುವಿಗೆ ಅಷ್ಟೂ ಸಾಲದೆ ಹೋಗಬಹುದು. ಅವರಿಗೆ ಹಿಂದಿನ ದಿನವೇ ಒಂದು ಮಾತು: ‘ನಾಳೆ ಎರಡನೇ ಲೆಕ್ಕದ ಮೊದಲ ಹಂತ ನೀನು ಹೇಳು.’ ಉಳಿದಂತೆ ಮೊದಲು ಒಂದು ನಿಮಿಷ ಬರೆಯಲಿ, ಮತ್ತೊಂದು ನಿಮಿಷ ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಹೆಸರು ಕರೆಯಿರಿ. ಹಾಗೆಯೇ ಬೋರ್ಡಿಗೆ ಮುಖ ಮಾಡಿಕೊಂಡು ಪ್ರಶ್ನೆ ಕೇಳಬೇಡಿ. ತುಟಿ ನೋಡಿ ಮಾತು ಗ್ರಹಿಸುವ ಮಗುವಿಗೆ ಆ ಪ್ರಶ್ನೆ ತಲುಪುವುದೇ ಇಲ್ಲ.

ಗುಂಪು ಚಟುವಟಿಕೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಕೋಹೆನ್ ಬಹಳ ವರ್ಷ ಕೆಲಸ ಮಾಡಿದ್ದು ಈ ತೊಡಕಿನ ಮೇಲೆಯೇ. ಜಾಣರೆಂದು ಹೆಸರಾದವರು ಗುಂಪಿನಲ್ಲಿ ಹೆಚ್ಚು ಮಾತಾಡುತ್ತಾರೆ, ಮಾತಾಡಿದಷ್ಟೂ ಕಲಿಯುತ್ತಾರೆ, ಉಳಿದವರು ಅಂಟು ಹಚ್ಚಿ ಬಣ್ಣ ತುಂಬುತ್ತಾರೆ. ಇದನ್ನು ಮುರಿಯಲು ಶಿಕ್ಷಕರು ಎಲ್ಲರೆದುರು, ನಿಜವಾದದ್ದನ್ನು, ಬೊಟ್ಟುಮಾಡಿ ಹೇಳಬೇಕು: ‘ನಕ್ಷೆಗೆ ಅಳತೆಪಟ್ಟಿ ಬೇಕು ಎಂದು ಹೊಳೆದದ್ದು ಇವಳಿಗೆ. ಅದಿಲ್ಲದಿದ್ದರೆ ನಿಮ್ಮ ನಕ್ಷೆಯಲ್ಲಿ ದೂರ ಲೆಕ್ಕ ಹಾಕಲು ಆಗುತ್ತಿರಲಿಲ್ಲ.’ ಬರೀ ‘ಶಭಾಷ್’ ಎಂದರೆ ಗುಂಪಿನಲ್ಲಿ ಅವಳ ಸ್ಥಾನ ಬದಲಾಗುವುದಿಲ್ಲ. ಸುಳ್ಳು ಹೊಗಳಿಕೆಯನ್ನಂತೂ ಮಕ್ಕಳು ಥಟ್ಟನೆ ಹಿಡಿಯುತ್ತಾರೆ.

1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ಶಾಲೆಗೆ ಬರುವಂತಾಗಿ ಜಗಳ ಹೆಚ್ಚಿದಾಗ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಪಾಠವನ್ನೇ ತುಂಡು ಮಾಡಿ ಹಂಚಿದರು. ಐದಾರು ಮಕ್ಕಳ ಗುಂಪು, ತಲೆಗೊಂದು ತುಂಡು; ಪ್ರತಿಯೊಬ್ಬರ ಮಾತು ಕೇಳದೆ ಯಾರಿಗೂ ಪಾಠ ಪೂರ್ತಿಯಾಗುವುದಿಲ್ಲ. ಈ ವಿಧಾನ ಕೆಡುವುದು ಒಂದು ಹಂತವನ್ನು ಹಾರಿಸಿದಾಗ. ಬೇರೆ ಬೇರೆ ಗುಂಪುಗಳಲ್ಲಿ ಒಂದೇ ತುಂಡು ಸಿಕ್ಕಿದ ಮಕ್ಕಳೆಲ್ಲ ಮೊದಲು ಒಟ್ಟಿಗೆ ಕೂತು ಅದನ್ನು ಅರ್ಥ ಮಾಡಿಕೊಂಡು, ಹೇಗೆ ಹೇಳಬೇಕೆಂದು ಅಭ್ಯಾಸ ಮಾಡಿ, ಆಮೇಲೆ ತಂತಮ್ಮ ಗುಂಪಿಗೆ ಹೋಗಬೇಕು. ಹೊತ್ತಿಲ್ಲವೆಂದು ಅದನ್ನು ಬಿಟ್ಟರೆ ಓದಲು ಕಷ್ಟಪಡುವ ಮಗು ಗುಂಪಿನೆದುರು ಒಂಟಿಯಾಗಿ ಸಿಕ್ಕಿಬೀಳುತ್ತದೆ.

ಒಂದು ಎಚ್ಚರಿಕೆ. ಮಾತು ಕಡಿಮೆ ಇರುವ ಮಕ್ಕಳೆಲ್ಲ ನೋವಿನಲ್ಲಿರುವುದಿಲ್ಲ, ಕೆಲವರ ಸ್ವಭಾವವೇ ಹಾಗೆ. ಮಾತಾಡುತ್ತಿದ್ದ ಮಗು ಇತ್ತೀಚೆಗೆ ಮೌನವಾಗಿದ್ದರೆ, ಅಥವಾ ಆಟದ ಹೊತ್ತಿನಲ್ಲೂ ಒಂಟಿಯಾಗಿದ್ದರೆ, ಈ ಹಾಳೆಯನ್ನು ಬದಿಗಿಡಿ. ಮೊದಲು ಮಗುವಿನ ಜೊತೆ, ಮನೆಯವರ ಜೊತೆ ಮಾತಾಡಿ, ಕಿವಿ ಕಣ್ಣು ತಪಾಸಣೆ ಮಾಡಿಸಿ, ಬೇಕಾದರೆ ಆಪ್ತಸಮಾಲೋಚಕರ ನೆರವು ಪಡೆಯಿರಿ.

ಆರು ವಾರ ಬಿಟ್ಟು ಅದೇ ಸಹೋದ್ಯೋಗಿಯ ಕೈಯಲ್ಲಿ ಹೊಸ ಹಾಳೆ ಕೊಡಿ. ಖಾಲಿ ಚೌಕಗಳಲ್ಲಿ ಗೆರೆ ಬಂದಿರುತ್ತದೆ, ಅದು ಬೇಗ ಆಗುವ ಕೆಲಸ. ಸೊನ್ನೆಗಳನ್ನು ಎಣಿಸಿ. ಅವು ಇನ್ನೂ ಮೊದಲಿನ ಐದಾರು ಚೌಕಗಳಲ್ಲೇ ಇದ್ದರೆ, ನಾಳೆಯ ಪಾಠಕ್ಕೆ ಉಳಿದವರಲ್ಲಿ ಇಬ್ಬರ ಹೆಸರು ಆರಿಸಿ, ಅವರ ಉತ್ತರದ ನಂತರ ಕೇಳುವ ಎರಡನೇ ಪ್ರಶ್ನೆಯನ್ನು ಇವತ್ತೇ ಪಾಠಟಿಪ್ಪಣಿಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.