ಪದ ಪರಿಚಯ: ಲೇಟೆನ್ಸಿ

“ಸರ, ಲೇಟೆನ್ಸಿ ಭಾಳ ಬರ್ಲಾಕತ್ತದ ರೀ, ಹಾಡಿನ ನಡುವೆ ಚರ್ ಚರ್ ಅಂತದ, ಸೌಂಡ್ ಕಾರ್ಡೇ ಬದಲಿ ಮಾಡ್ಲೇನು?” ಎಂದು ಕಲಬುರಗಿಯ ಭಜನಾ ಮಂಡಳಿಯೊಂದರ ಗಾಯಕರು ಈಚೆಗೆ ಕೇಳಿದರು. ಇದೇ ಪ್ರಶ್ನೆಯನ್ನು ತತ್ವಪದ ಹಾಡುವವರಿಂದ, ವಚನ ಗಾಯನ ಮಾಡುವವರಿಂದ, ಕೀಬೋರ್ಡ್ ನುಡಿಸುವ ಹುಡುಗರಿಂದ ಮತ್ತೆ ಮತ್ತೆ ಕೇಳುತ್ತಿರುವುದರಿಂದ ಈ ಪದವನ್ನು ಒಮ್ಮೆ ಬಿಡಿಸಿ ಹೇಳುವುದು ಅಗತ್ಯವೆನಿಸಿದೆ. ಚರ್ ಚರ್ ಸದ್ದಿಗೆ ಲೇಟೆನ್ಸಿ ಎಂಬ ಹೆಸರು ಸಲ್ಲುವುದಿಲ್ಲ. ಆ ಗಾಯಕರು ಯಾರದೋ ಸಲಹೆಯಂತೆ ಬಫರ್, ಅಂದರೆ ದನಿಯ ದತ್ತಾಂಶವನ್ನು ತುಸು ಹೊತ್ತು ಕೂಡಿಡುವ ಜಾಗದ, ಗಾತ್ರವನ್ನು 64ಕ್ಕೆ ಇಳಿಸಿದ್ದರು. ಅವರ ಕಂಪ್ಯೂಟರ್ ಆ ವೇಗಕ್ಕೆ ದತ್ತಾಂಶ ಒದಗಿಸಲಾರದೆ ನಡುನಡುವೆ ತಪ್ಪುತ್ತಿತ್ತು. ರೋಗದ ಹೆಸರು ತಪ್ಪಿದ್ದರಿಂದ ಮದ್ದೇ ರೋಗವನ್ನು ಹೆಚ್ಚಿಸುತ್ತಿತ್ತು.

ಮೈಕಿಗೆ ಬಿದ್ದ ದನಿ ಸೌಂಡ್ ಕಾರ್ಡಿನಲ್ಲಿ ಅಂಕಿಗಳಾಗಿ, ಕಂಪ್ಯೂಟರಿನೊಳಗೆ ಹೋಗಿ, ಮತ್ತೆ ದನಿಯಾಗಿ ಹೆಡ್‌ಫೋನಿಗೆ ಬರಲು ತೆಗೆದುಕೊಳ್ಳುವ ಒಟ್ಟು ಸಮಯವೇ ಲೇಟೆನ್ಸಿ. ಇದು ಪ್ರತಿಯೊಂದು ವ್ಯವಸ್ಥೆಯಲ್ಲೂ ಇದ್ದೇ ಇರುತ್ತದೆ, ಆದ್ದರಿಂದ “ಲೇಟೆನ್ಸಿ ಬರುತ್ತಿದೆ” ಎನ್ನುವುದಕ್ಕಿಂತ “ಲೇಟೆನ್ಸಿ ಎಷ್ಟಿದೆ” ಎಂದು ಕೇಳುವುದು ಸರಿ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 34 ಸೆಂಟಿಮೀಟರ್. ಗಾಯಕರಿಂದ ಎರಡು ಮೀಟರ್ ದೂರದಲ್ಲಿ ಕುಳಿತ ತಬಲಾ ವಾದಕರ ಕಿವಿಗೆ ಹಾಡು ಸುಮಾರು 6 ಮಿಲಿಸೆಕೆಂಡ್ ತಡವಾಗಿಯೇ ತಲುಪುತ್ತದೆ, ಆದರೂ ಕಛೇರಿ ಸುಸೂತ್ರವಾಗಿ ನಡೆಯುತ್ತದೆ. ಹಾಗಾಗಿ 5 ಅಥವಾ 6 ಮಿಲಿಸೆಕೆಂಡಿನ ಅಂಕಿಯನ್ನು ಪರದೆಯ ಮೇಲೆ ಕಂಡು ಗಾಬರಿಯಾಗಬೇಕಿಲ್ಲ. ತಂಬೂರಿಯ ನಾದಕ್ಕೆ 20 ಮಿಲಿಸೆಕೆಂಡ್ ತಡವಾದರೂ ಯಾರಿಗೂ ಗೊತ್ತಾಗುವುದಿಲ್ಲ. ತಬಲಾದ ಪೆಟ್ಟಿಗೆ ಅಷ್ಟು ತಡವಾದರೆ ನುಡಿಸುವವರ ಕೈ ಎಳೆದಂತಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡ ಗಾಯಕರ ಕಷ್ಟ ಇನ್ನೊಂದು ಬಗೆಯದು: ಅವರ ದನಿ ತಲೆಯ ಮೂಳೆಯ ಮೂಲಕ ಕೂಡಲೇ ಕಿವಿಗೆ ಬರುವುದರಿಂದ, ಕೆಲವೇ ಮಿಲಿಸೆಕೆಂಡ್ ತಡವಾಗಿ ಬರುವ ಎರಡನೆಯ ದನಿ ಅದರೊಡನೆ ಕಲೆತು ಕಂಠ ಟೊಳ್ಳಾಗಿ ಕೇಳಿಸುತ್ತದೆ.

ಎಲ್ಲ ಗೊಂದಲದ ಮೂಲ ಬಫರ್. ಪಂಕ್ತಿಯಲ್ಲಿ ಕುಳಿತವರಿಗೆ ಜೋಳದ ರೊಟ್ಟಿಯನ್ನು ಹಂಚಿನಿಂದ ನೇರವಾಗಿ ಬಡಿಸಿದರೆ ಮೊದಲ ರೊಟ್ಟಿ ಬೇಗ ಸಿಗುತ್ತದೆ, ಆದರೆ ಬಡಿಯುವವರ ಕೈ ಒಂದು ಕ್ಷಣ ತಡೆದರೂ ತಟ್ಟೆ ಖಾಲಿಯಾಗುತ್ತದೆ. ಬುಟ್ಟಿಯಲ್ಲಿ ಒಂದಿಷ್ಟು ರೊಟ್ಟಿ ಕೂಡಿಟ್ಟು ಬಡಿಸಲು ಆರಂಭಿಸಿದರೆ ಊಟ ತಡವಾಗಿ ಶುರುವಾದರೂ ನಡುವೆ ನಿಲ್ಲುವುದಿಲ್ಲ. ಬಫರ್ ಎಂದರೆ ಆ ಬುಟ್ಟಿ. ಸೆಕೆಂಡಿಗೆ 48,000 ಮಾದರಿಗಳಂತೆ (ಒಂದೊಂದು ಮಾದರಿಯೂ ಆ ಕ್ಷಣದ ದನಿಯನ್ನು ಅಳೆದ ಒಂದು ಅಂಕಿ) ರೆಕಾರ್ಡ್ ಮಾಡುವಾಗ 64 ಮಾದರಿಗಳ ಬಫರ್ 1.3 ಮಿಲಿಸೆಕೆಂಡ್, 256ರದ್ದು 5.3, 1024ರದ್ದು 21.3 ಮಿಲಿಸೆಕೆಂಡ್ ಹಿಡಿಸುತ್ತದೆ. ಒಳಬರುವ ದಾರಿಗೆ ಒಂದು ಬಫರ್, ಹೊರಹೋಗುವ ದಾರಿಗೆ ಇನ್ನೊಂದು. ಜೊತೆಗೆ ಯುಎಸ್‌ಬಿ ಸಾಗಾಟಕ್ಕೂ, ದನಿಯನ್ನು ಅಂಕಿಯಾಗಿಸುವ, ಅಂಕಿಯನ್ನು ದನಿಯಾಗಿಸುವ ಪರಿವರ್ತಕಗಳಿಗೂ ತಗಲುವ ಕಾಲ ಬೇರೆ. ಒಂದು ಬಫರಿನ ಅಂಕಿಯನ್ನೇ ಇಡೀ ಲೇಟೆನ್ಸಿ ಎಂದು ಓದುವವರು ಅರ್ಧ ಲೆಕ್ಕವನ್ನೂ ಮಾಡಿರುವುದಿಲ್ಲ. ಬುಟ್ಟಿ ಖಾಲಿಯಾದ ಕ್ಷಣದಲ್ಲಿ ಕೇಳಿಸುವುದೇ ಚರ್ ಚರ್ ಅಥವಾ ಟಪ್ ಎಂಬ ಸದ್ದು. ಅದು ಕೇಳಿಸಿದರೆ ಬಫರ್ ಹೆಚ್ಚಿಸಬೇಕು, ತಡವೆನಿಸಿದರೆ ಇಳಿಸಬೇಕು. ಎರಡಕ್ಕೂ ಒಂದೇ ಹೆಸರಿಟ್ಟವರಿಗೆ ಯಾವ ಕಡೆ ತಿರುಗಿಸಬೇಕೆಂಬುದು ತಿಳಿಯುವುದಾದರೂ ಹೇಗೆ?

ನಮ್ಮ ಭಾಗದ ಬೇಸಿಗೆಯನ್ನೂ ಇಲ್ಲಿ ಹೇಳಲೇಬೇಕು. ಮೇ ತಿಂಗಳ ಮಧ್ಯಾಹ್ನ ಮೈಕಿಗೆ ಸದ್ದು ಬೀಳಬಾರದೆಂದು ಕೂಲರ್ ಮತ್ತು ಫ್ಯಾನ್ ಬಂದ್ ಮಾಡಿ, ಬಾಗಿಲು ಹಾಕಿ ಕುಳಿತರೆ ಕಾಯುವುದು ಹಾಡುವವರಷ್ಟೇ ಅಲ್ಲ. ಲ್ಯಾಪ್‌ಟಾಪಿನ ಪ್ರೊಸೆಸರ್ ಕೂಡ ಕಾದು, ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ 256ರಲ್ಲಿ ನಿರ್ಮಲವಾಗಿ ನಡೆದ ರೆಕಾರ್ಡಿಂಗ್ ಮಧ್ಯಾಹ್ನ ಚರಗುಟ್ಟುವುದಕ್ಕೆ ಇದು ಸಾಕಾದ ಕಾರಣ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ ವಿದ್ಯುತ್ ಉಳಿಸುವ ಕ್ರಮ ಜಾರಿಯಾದರೂ ಇದೇ ಆಗುತ್ತದೆ. ಆ ಹೊತ್ತಿನಲ್ಲಿ 512ಕ್ಕೆ ಏರಿಸುವುದು, ವಿಂಡೋಸಿನ ಪವರ್ ಆಯ್ಕೆಯನ್ನು ಹೈ ಪರ್ಫಾರ್ಮೆನ್ಸಿಗೆ ಇಡುವುದು ಖರ್ಚಿಲ್ಲದ ಪರಿಹಾರಗಳು.

ಎರಡನೆಯ ತಪ್ಪು ಬಳಕೆ ಎಕೋಗೆ ಸಂಬಂಧಿಸಿದ್ದು. ಸೌಂಡ್ ಕಾರ್ಡಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದಾಗ ಗಾಯಕರ ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ಹೆಡ್‌ಫೋನಿಗೆ ತಲುಪುತ್ತದೆ. ಅದೇ ಹೊತ್ತಿಗೆ ಸಾಫ್ಟ್‌ವೇರಿನಲ್ಲಿಯೂ ಮಾನಿಟರಿಂಗ್ (ಹಾಡುತ್ತಿರುವ ದನಿಯನ್ನು ಹಾಡುವವರಿಗೇ ಕೇಳಿಸುವ ವ್ಯವಸ್ಥೆ) ತೆರೆದಿದ್ದರೆ ಒಂದೇ ದನಿ ಎರಡು ದಾರಿಯಲ್ಲಿ ಬಂದು ಎರಡು ಸಲ ಕೇಳಿಸುತ್ತದೆ. ಎರಡರಲ್ಲಿ ಒಂದನ್ನು ಮುಚ್ಚಿದರೆ ಎಕೋ ಹೋಗುತ್ತದೆ, ಲೇಟೆನ್ಸಿ ಮಾತ್ರ ಇದ್ದಷ್ಟೇ ಇರುತ್ತದೆ. ಹಾಡುವಾಗ ಡೈರೆಕ್ಟ್ ಮಾನಿಟರ್ ಇಟ್ಟುಕೊಂಡು, ಬಫರನ್ನು 512ಕ್ಕೋ 1024ಕ್ಕೋ ಏರಿಸಿ ನೆಮ್ಮದಿಯಿಂದ ರೆಕಾರ್ಡ್ ಮಾಡುವುದೇ ಹೆಚ್ಚಿನ ಗಾಯಕರಿಗೆ ಒಪ್ಪುವ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪ್ಯೂಟರಿನಲ್ಲೇ ನಾದ ಹುಟ್ಟುವ ಮಿಡಿ ಕೀಬೋರ್ಡ್ ನುಡಿಸುವವರಿಗೆ ಈ ಅನುಕೂಲವಿಲ್ಲ, ಕಡಿಮೆ ಬಫರಿನ ಅಗತ್ಯ ನಿಜವಾಗಿ ಇರುವುದು ಅವರಿಗೆ.

“ನೆಟ್ ಸ್ಲೋ ಇದೆ, ಅದಕ್ಕೇ ಲೇಟೆನ್ಸಿ” ಎಂಬ ಮಾತನ್ನು ದಯವಿಟ್ಟು ಬಿಡಬೇಕು. ಆನ್‌ಲೈನ್ ಆಟದ ಲೇಟೆನ್ಸಿ ಬೇರೆ ದಾರಿಯದು. ಮನೆಯೊಳಗಿನ ರೆಕಾರ್ಡಿಂಗಿಗೂ ಇಂಟರ್ನೆಟ್ಟಿನ ವೇಗಕ್ಕೂ ಸಂಬಂಧವಿಲ್ಲ. ರ್‍ಯಾಮ್ ಹೆಚ್ಚಿಸಿದರೆ ಲೇಟೆನ್ಸಿ ತಗ್ಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಕಾಗಿಲ್ಲ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ನಿಜವಾದ ಅಪರಾಧಿ, ಅದೊಂದೇ 100ರಿಂದ 200 ಮಿಲಿಸೆಕೆಂಡ್ ಸೇರಿಸಬಲ್ಲದು. ಹಾಡುವಾಗ ವೈರಿನದೇ ಬೇಕು. ವಿಂಡೋಸ್ ಬಳಸುವವರು ಸಾಮಾನ್ಯ ಡ್ರೈವರ್ (ಸೌಂಡ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬಿಟ್ಟು, ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ಹೊರತಂದ, ತಡ ಕಡಿಮೆ ಮಾಡುವ ಎಎಸ್‌ಐಒ ಪದ್ಧತಿಯ ಡ್ರೈವರ್ ಆರಿಸಿಕೊಳ್ಳಬೇಕು. ಸೌಂಡ್ ಕಾರ್ಡ್ ತಯಾರಕರದೇ ಎಎಸ್‌ಐಒ ಡ್ರೈವರ್ ಇದ್ದರೆ ಅದೇ ಮೇಲು. ಇಲ್ಲದಿದ್ದಾಗ ಬಹುತೇಕ ಸೌಂಡ್ ಕಾರ್ಡುಗಳಿಗೆ ಹೊಂದುವ ಡ್ರೈವರ್ ಆದ ಎಎಸ್‌ಐಒ4ಆಲ್ ನೆರವಿಗೆ ಬರುತ್ತದೆ. ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ, ಶ್ರುತಿ ತಿದ್ದುವ ಪ್ಲಗಿನ್‌ಗಳಲ್ಲಿ (ಬೇಕೆಂದಾಗ ಸೇರಿಸಿಕೊಳ್ಳುವ ಉಪತಂತ್ರಾಂಶಗಳಲ್ಲಿ) ಹಲವು ಮುಂದಿನ ದನಿಯನ್ನು ನೋಡಿಕೊಂಡು ಕೆಲಸ ಮಾಡುವುದರಿಂದ ತಡ ಹೆಚ್ಚಿಸುತ್ತವೆ. ರೆಕಾರ್ಡಿಂಗ್ ಮುಗಿದ ಮೇಲೆ ಅವನ್ನು ಹಾಕಿಕೊಳ್ಳಬಹುದು.

ಮೂರನೆಯ ತಪ್ಪು ಬಳಕೆಯನ್ನು ಗುರುತಿಸುವವರು ವಿರಳ. ಹಾಡಿನ ಆರಂಭದಲ್ಲಿ ತಾಳಕ್ಕೆ ಸರಿಯಾಗಿದ್ದ ದನಿ ಆರನೆಯ ನಿಮಿಷಕ್ಕೆ ಜಾರಿದ್ದರೆ ಅದು ಲೇಟೆನ್ಸಿಯಾಗಲು ಸಾಧ್ಯವಿಲ್ಲ, ಏಕೆಂದರೆ ಲೇಟೆನ್ಸಿ ಆರಂಭದಲ್ಲಿ ಎಷ್ಟಿತ್ತೋ ಕೊನೆಯಲ್ಲೂ ಅಷ್ಟೇ ಇರುತ್ತದೆ. ಯುಎಸ್‌ಬಿ ಮೈಕಿನಲ್ಲಿ ದನಿ ಹಿಡಿದು, ಕಂಪ್ಯೂಟರಿನೊಳಗಿನ ಸೌಂಡ್ ಕಾರ್ಡಿನಲ್ಲಿ ತಬಲಾ ನುಡಿಸಿ ಕೇಳಿದಾಗ ಎರಡೂ ತಮ್ಮ ತಮ್ಮ ಗಡಿಯಾರದಂತೆ ನಡೆಯುತ್ತವೆ. ಆ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ 6 ನಿಮಿಷದಲ್ಲಿ 18 ಮಿಲಿಸೆಕೆಂಡಿನ ಅಂತರ ಬೀಳುತ್ತದೆ. ಒಳಗೂ ಹೊರಗೂ ಒಂದೇ ಸೌಂಡ್ ಕಾರ್ಡ್ ಬಳಸಿದರೆ ಈ ಜಾರುವಿಕೆ ನಿಲ್ಲುತ್ತದೆ.

ಉದ್ದಕ್ಕೂ ಒಂದೇ ಅಳತೆಯಲ್ಲಿ ತಡವಾಗಿ ಕೂರುವ ಟ್ರ್ಯಾಕನ್ನು ಊಹೆಯಿಂದ ಸರಿಸದೆ ಅಳೆದು ಸರಿಸಬೇಕು. ಮೊದಲು ಫ್ಯಾಂಟಮ್ ಪವರ್ (ಮೈಕಿಗೆ ಕೇಬಲಿನಲ್ಲೇ ಕಳಿಸುವ ವಿದ್ಯುತ್) ಮತ್ತು ಡೈರೆಕ್ಟ್ ಮಾನಿಟರ್ ಎರಡನ್ನೂ ಬಂದ್ ಮಾಡಿ, ಸ್ಪೀಕರಿನ ದನಿ ತಗ್ಗಿಸಿ, ಸೌಂಡ್ ಕಾರ್ಡಿನ ಲೈನ್ ಔಟಿನಿಂದ ಲೈನ್ ಇನ್ನಿಗೆ ಒಂದು ಕೇಬಲ್ ಹಾಕಬೇಕು. ಒಂದು ಚಿಟಿಕೆಯ ಸದ್ದಿರುವ ಟ್ರ್ಯಾಕನ್ನು ನುಡಿಸುತ್ತ ಅದನ್ನೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ, ಅಲೆಯ ಚಿತ್ರವನ್ನು ಹಿಗ್ಗಿಸಿ, ಎರಡು ಚಿಟಿಕೆಗಳ ನಡುವಿನ ಅಂತರವನ್ನು ಮಾದರಿಗಳಲ್ಲಿ ಎಣಿಸಬೇಕು. 48,000ದ ದರದಲ್ಲಿ 480 ಮಾದರಿ ಹಿಂದೆ ಬಿದ್ದಿದ್ದರೆ ಅದು ಸರಿಯಾಗಿ 10 ಮಿಲಿಸೆಕೆಂಡ್. ಅಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ತಡವನ್ನು ಸರಿದೂಗಿಸುವ ಲೇಟೆನ್ಸಿ ಕಾಂಪನ್ಸೇಷನ್ ಎಂಬ ಜಾಗದಲ್ಲಿ ಮೂಲತಃ -130 ಮಿಲಿಸೆಕೆಂಡ್ ಎಂದಿರುತ್ತದೆ. ಆ ಅಂಕಿ ಎಲ್ಲ ಕಂಪ್ಯೂಟರಿಗೂ ಹೊಂದುವುದಿಲ್ಲ; ಮೇಲಿನ ಉದಾಹರಣೆಯಂತೆ ಇನ್ನೂ 10 ಮಿಲಿಸೆಕೆಂಡ್ ಹಿಂದೆ ಬೀಳುತ್ತಿದ್ದರೆ ಅದನ್ನು -140 ಮಾಡಿ ಮತ್ತೊಮ್ಮೆ ಅಳೆಯಬೇಕು. ಡ್ರೈವರನ್ನಾಗಲಿ ಬಫರನ್ನಾಗಲಿ ಬದಲಿಸಿದ ಮೇಲೆ ಹಳೆಯ ಅಳತೆ ನಡೆಯುವುದಿಲ್ಲ, ಕೇಬಲನ್ನು ಪುನಃ ಹಾಕಿ ಹೊಸದಾಗಿ ಎಣಿಸಬೇಕಾಗುತ್ತದೆ.