ನೌಕರಿ ಹತ್ತಿದ ಮೇಲೆ ಕಟ್ಟುವ ಸಾಲವಲ್ಲ ಇದು

ಕೊನೆಯ ಸೆಮಿಸ್ಟರಿನ ಪರೀಕ್ಷೆ ಹತ್ತಿರವಾದಂತೆ ಬಾಗಲಕೋಟೆಯ ನವನಗರದಲ್ಲಿರುವ ನನ್ನ ಮನೆಗೆ ಹುಡುಗ ಹುಡುಗಿಯರ ಓಡಾಟ ಹೆಚ್ಚುತ್ತದೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನಿಗೆ ಬದುಕಿನ ದಾರಿಯೂ ಗೊತ್ತಿರುತ್ತದೆಂದು ಅವರು ನಂಬಿದಂತಿದೆ. ಎಂಬಿಎ ಸೇರಲೇ, ಬೆಂಗಳೂರಿಗೆ ಹೋಗಿ ಸಿಕ್ಕ ಕೆಲಸ ಹಿಡಿಯಲೇ, ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲೇ ಎಂದು ಕೇಳುತ್ತಾರೆ. ಇದನ್ನು ಹೇಳಲು ನಾನು ಯಾರು? ಆದರೆ ಶಿಕ್ಷಣ ಸಾಲ ತೆಗೆದವರಿಗೆ ನಾನೂ ಒಂದು ಪ್ರಶ್ನೆ ಹಾಕುತ್ತೇನೆ: ನಿನ್ನ ಮೊದಲ ಕಂತು ಯಾವ ತಾರೀಖಿಗೆ? ಬಹುತೇಕ ಎಲ್ಲರದೂ ಒಂದೇ ಉತ್ತರ: "ನೌಕರಿ ಹತ್ತಿದ ಮ್ಯಾಲೆ ಅಲ್ರೀ ಸಾಹೇಬ್ರ?"

ಅಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಹಿಂದಿನ ಶಿಕ್ಷಣ ಸಾಲಗಳ ಮಂಜೂರಾತಿ ಪತ್ರದಲ್ಲಿ, ಕೋರ್ಸು ಮುಗಿದು ಒಂದು ವರ್ಷ ಅಥವಾ ನೌಕರಿ ಸಿಕ್ಕು ಆರು ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಆಗ ಮರುಪಾವತಿ ಆರಂಭವೆಂದು ಬರೆದಿರುತ್ತಿತ್ತು. ಜನ 'ನೌಕರಿ' ಎಂಬುದನ್ನು ಹಿಡಿದುಕೊಂಡು 'ಯಾವುದು ಮೊದಲೋ' ಎಂಬುದನ್ನು ಬಿಟ್ಟುಬಿಟ್ಟರು. ಈಗ ಸಾಮಾನ್ಯವಾಗಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷವಷ್ಟೇ ಬಿಡುವು. ನೌಕರಿ ಸಿಗಲಿ, ಸಿಗದಿರಲಿ, ಆ ವರ್ಷ ತುಂಬಿದೊಡನೆ ಕಂತು ಬೀಳುತ್ತದೆ. ನಿಮ್ಮ ಮಂಜೂರಾತಿ ಪತ್ರದಲ್ಲಿ ಬೇರೆ ಷರತ್ತಿದ್ದರೆ ಅದೇ ಅಂತಿಮ. ಆದ್ದರಿಂದ ಗೆಳೆಯರ ಮಾತು ಕೇಳದೆ ಆ ಪತ್ರವನ್ನೇ ಓದಿರಿ.

ಎರಡನೆಯ ತಪ್ಪು ತಿಳಿವಳಿಕೆ ಇದರ ಬೆನ್ನಿಗೇ ಬರುತ್ತದೆ. ಬಿಡುವೆಂದರೆ ಕಂತಿಗೆ ಬಿಡುವು, ಬಡ್ಡಿಗಲ್ಲ. ಲೆಕ್ಕ ಸುಲಭವಾಗಲೆಂದು ಬಡ್ಡಿ ದರ ಶೇ. 10 ಎಂದಿಟ್ಟುಕೊಳ್ಳೋಣ; ನಾಲ್ಕು ವರ್ಷದ ಬಿಇ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ ತಲಾ 1 ಲಕ್ಷ ರೂಪಾಯಿ ಬಿಡುಗಡೆಯಾಗಿದೆ ಎನ್ನೋಣ. ಬಿಡುವಿನ ವರ್ಷ ಮುಗಿಯುವಾಗ ಮೊದಲ ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ಕೊನೆಯದಕ್ಕೆ 20,000. ನಾಲ್ಕು ಲಕ್ಷವೆಂದುಕೊಂಡ ಸಾಲ 5,40,000 ಆಗಿ ನಿಂತಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 7,100 ರೂಪಾಯಿ. ಧಾರವಾಡದ ಕೋಣೆಯಲ್ಲಿ ಸುಮ್ಮನೆ ಕಳೆದುಹೋಯಿತೆನ್ನುವ ಆ ಒಂದು ವರ್ಷದಲ್ಲಿ ತಿಂಗಳಿಗೆ 3,300 ರೂಪಾಯಿಗೂ ಮಿಕ್ಕಿ ಬಡ್ಡಿ ಏರಿರುತ್ತದೆ. ಕೋಣೆ ಬಾಡಿಗೆ, ಮೆಸ್ಸಿನ ಬಿಲ್ಲು, ಕೋಚಿಂಗ್ ಫೀ ಎಲ್ಲವನ್ನೂ ಪಟ್ಟಿ ಮಾಡಿಕೊಂಡು ಬರುವ ಜಾಣರು ಇದೊಂದನ್ನು ಬರೆದಿರುವುದಿಲ್ಲ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯ ಒಳಗಿದ್ದು ಕೇಂದ್ರದ ಬಡ್ಡಿ ಸಹಾಯಧನ ಮಂಜೂರಾಗಿದ್ದವರ ಮಾತು ಬೇರೆ. ಆದರೆ ಅದೂ ಬಿಡುವಿನ ಅವಧಿಯ ಬಡ್ಡಿಗೆ ಮಾತ್ರ. ಅದು ತಾನಾಗಿಯೇ ಬಂದಿರುತ್ತದೆಂದು ಕೂರಬೇಡಿ, ಶಾಖೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಒಮ್ಮೆ ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಮಗನ ಶಿಕ್ಷಣ ಸಾಲದ ಕಂತು ಬಾಕಿಯಿದ್ದದ್ದರಿಂದ ಅವರ ಬೆಳೆ ಸಾಲದ ನವೀಕರಣ ನಿಂತುಹೋಗಿತ್ತು. ಶಿಕ್ಷಣ ಸಾಲದಲ್ಲಿ ತಂದೆಯೂ ಸಹ-ಸಾಲಗಾರರಾಗಿರುತ್ತಾರೆ. ಕಂತು 90 ದಿನಕ್ಕೂ ಮೀರಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲವೆಂದು ದಾಖಲಾಗಿ, ಸಾಲ ಕಟ್ಟಿದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ಇಬ್ಬರ ಹೆಸರೂ ಕೆಡುತ್ತದೆ. ಮಗ ಪದವಿ ಮುಗಿಸಿ ಎರಡು ವರ್ಷದಿಂದ ಧಾರವಾಡದಲ್ಲಿ ಓದುತ್ತಿದ್ದ, ಶ್ರದ್ಧೆಯಿಂದಲೇ ಓದುತ್ತಿದ್ದನೆಂದು ನನಗೆ ಅನಿಸಿತು. ಬ್ಯಾಂಕಿನಿಂದ ಏನೂ ಪತ್ರ ಬರಲಿಲ್ಲವೇ ಎಂದೆ. ತಂದೆ ಕೈಚೀಲದಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದರು. ಲಕೋಟೆಗಳು ಒಂದೂ ಒಡೆದಿರಲಿಲ್ಲ, ವಿಭೂತಿಯ ಪುಡಿ ಮೆತ್ತಿತ್ತು. "ಹುಡುಗನ ಹೆಸರೀಲೆ ಬಂದಾವ್ರಿ. ಅವ ಬಂದ ಮ್ಯಾಲೆ ಒಡದ್ರಾತಂತ ದೇವರ ಜಗಲಿ ಮ್ಯಾಲೆ ಇಟ್ಟಿದ್ವಿ," ಎಂದರು. ಶಾಖೆಯಲ್ಲಿದ್ದ ಮೊಬೈಲ್ ನಂಬರು ಮಗ ಮೊದಲ ವರ್ಷದಲ್ಲೇ ಬಿಟ್ಟದ್ದು. ಸಿಟ್ಟು ಮಾಡಬೇಕೆಂದಿದ್ದ ನನಗೆ ಆ ವಿಭೂತಿ ನೋಡಿ ಬಾಯಿ ಬರಲಿಲ್ಲ.

ಅವರು ಮೊದಲೇ ಬಂದಿದ್ದರೆ ದಾರಿಯಿತ್ತು. ನಿರುದ್ಯೋಗದ ಅವಧಿಗೆ ಸಾಲದ ಆಯುಷ್ಯದಲ್ಲಿ ಎರಡು ಮೂರು ಸಲ ಬಿಡುವು ಕೊಡಲು ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಕೊಡುವುದು ಬಿಡುವುದು ಆಯಾ ಬ್ಯಾಂಕಿಗೆ ಬಿಟ್ಟದ್ದಾದರೂ, ಖಾತೆ ಸರಿಯಿರುವಾಗಲೇ ಲಿಖಿತವಾಗಿ ಕೇಳಿದವರಿಗೂ ಕೆಟ್ಟ ಮೇಲೆ ಬಂದವರಿಗೂ ಮ್ಯಾನೇಜರು ಒಂದೇ ರೀತಿ ಉತ್ತರಿಸಲಾರರು. ಎಂಬಿಎ ಸೇರುವವರೂ ಪ್ರವೇಶದ ದಾಖಲೆ ಕೊಟ್ಟು ಅರ್ಜಿ ಹಾಕಬೇಕು. ನೀವು ಮತ್ತೆ ಕಾಲೇಜಿಗೆ ಹೋದದ್ದು ಬ್ಯಾಂಕಿಗೆ ಹೇಗೆ ತಿಳಿಯಬೇಕು?

ಅಂದು ಆ ಕಟ್ಟಿನ ಅಡಿಯಲ್ಲಿದ್ದ ಲಕೋಟೆಯನ್ನು ಹುಡುಗನ ಕೈಯಿಂದಲೇ ಒಡೆಸಿದೆ. ಎಲ್ಲಕ್ಕಿಂತ ಹಳೆಯದು ಅದೇ. ಮೊದಲ ಕಂತಿನ ತಾರೀಖು ತಿಳಿಸಿ, ತೊಂದರೆಯಿದ್ದರೆ ಶಾಖೆಗೆ ಬಂದು ಕಾಣಿರೆಂದು ಕೋರಿದ ಪತ್ರ. ಎರಡು ಸಲ ಓದಿದ ಅವನು ತಂದೆಯ ಕಡೆ ನೋಡದೆ, ಶಾಖೆ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ನನ್ನನ್ನು ಕೇಳಿದ.